ಧಾರವಾಡದಲ್ಲಿ ಹಳೇ ಮನೆ ಕೊಳ್ಳುವವರು ಓದಿ: ಸಿಟಿ ಸರ್ವೆ ಉತಾರ ನೋಡದೆ ಸಂಚಕಾರ (ಮುಂಗಡ ಹಣ) ಕೊಡಬೇಡಿ

"ಇನ್ನೊಂದು ಪಾರ್ಟಿ ಬಂದೈತಿ, ಇವತ್ತ ಸಂಚಕಾರ ಕೊಡ್ರಿ" ಅಂತ ಯಾರಾದರೂ ಅಂದರೆ ಒಂದು ರೂಪಾಯಿ ಕೂಡ ಕೊಡಬೇಡಿ. ನಮ್ಮ ಮೂರು ಲಕ್ಷ ಸಿಕ್ಕಿಹಾಕಿಕೊಂಡಿದೆ. ಹೇಳಿಕೊಳ್ಳಲಿಕ್ಕೂ ನಾಚಿಕೆ. ಮಾವನವರಿಗೆ ಇನ್ನೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಅದೇ ಮನೆ ಈಗ ಮತ್ತೆ ಮಾರಾಟಕ್ಕಿದೆ.

ಮನೆ ಇರುವುದು ಸಪ್ತಾಪುರ ಕಡೆ. ಎರಡು ಬೆಡ್‌ರೂಮು, ಹಿತ್ತಲು, ಬೋರ್. ಆ ಭಾಗದಲ್ಲಿ ತುಂಬ ಕೋಚಿಂಗ್ ಕ್ಲಾಸು, ಪಿಜಿ ಇವೆ. ಬಾಡಿಗೆ ಬರುತ್ತೆ ಅಂತ ಹೊರಗಿನವರೂ ಅಲ್ಲೇ ಮನೆ ಹುಡುಕುತ್ತಾರೆ. ಹಾಗಾಗಿ ಬ್ರೋಕರ್ ಮಾತು ಸುಳ್ಳು ಅನಿಸಲೇ ಇಲ್ಲ. "ಧಾರವಾಡಕ್ಕ ಬ್ಯಾರೆ ಪಾಲಿಕೆ ಆಗಾಕತ್ತೈತಿ, ಮುಂದ ರೇಟ್ ಕೇಳಬ್ಯಾಡ್ರಿ ಸರ" ಅಂದ. ಪ್ರತ್ಯೇಕ ಪಾಲಿಕೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದ್ದು ನಿಜವೇ. "ರಿಜಿಸ್ಟ್ರಿ ಫೀ ಈಗಾಗ್ಲೇ ಡಬಲ್ ಆಗೇತಿ, ತಡಾ ಮಾಡಬ್ಯಾಡ್ರಿ" ಅಂದ. ಅದೂ ನಿಜ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ. ಎರಡು ನಿಜ ಹೇಳಿ, ಮೂರನೆಯದಾಗಿ ಸುಳ್ಳು ಹೇಳುತ್ತಾರೆ ಇವರು.

ಆ ಸುಳ್ಳು ಟೇಪ್ ಹಿಡಿದುಕೊಂಡು ನಮ್ಮ ಮುಂದೆಯೇ ನಿಂತಿತ್ತು. ನಾವು ಒಳಗೆ ಹೋದಾಗ ಒಬ್ಬ ಮನುಷ್ಯ ಹಳದಿ ಟೇಪಿನಿಂದ ಅಡುಗೆಮನೆ ಕಟ್ಟೆ ಅಳೆಯುತ್ತಿದ್ದ. ಜೊತೆಗೆ ಒಬ್ಬ ಹೆಂಗಸು. "ಫ್ರಿಜ್ ಇಲ್ಲೇ ಕೂಡತೈತಿ ನೋಡು" ಅಂತ ನಮಗೆ ಕೇಳುವ ಹಾಗೆ ಜೋರಾಗಿ ಹೇಳಿದ. ಬ್ರೋಕರ್ ನಮ್ಮನ್ನು ಹಿತ್ತಲಿಗೆ ಕರೆದ. "ಬೆಂಗಳೂರು ಪಾರ್ಟಿ ರೀ. ನಾಳೆ ಆರ್‌ಟಿಜಿಎಸ್ ಮಾಡ್ತೇನಿ ಅಂದಾರ. ಸಣ್ಣ ಮಕ್ಕಳು ಅದಾವ ನಿಮಗ, ನಿಮಗ ಸಿಗಲಿ ಅಂತ ನನ್ನ ಆಸೆ" ಅಂದ. ಮಕ್ಕಳ ಹೆಸರು ಹೇಳಿ ದುಡ್ಡು ಕೇಳಿದ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಕಾಗದ ಕೇಳಲಿಲ್ಲ ಅಂದುಕೊಳ್ಳಬೇಡಿ. ಕೇಳಿದೆವು. ಪಾಲಿಕೆ ಉತಾರ (ಪಾಲಿಕೆಯ ಆಸ್ತಿ ದಾಖಲೆಯ ಪ್ರತಿ) ತೋರಿಸಿದರು, ಮಾಲೀಕನ ಹೆಸರಿತ್ತು. ತೆರಿಗೆ ರಸೀದಿ ಇತ್ತು. ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇತ್ತು. ಸಿಟಿ ಸರ್ವೆ ಉತಾರ (ಹಕ್ಕುದಾರರ ಹೆಸರಿರುವ ಸರ್ವೆ ಕಚೇರಿ ದಾಖಲೆ) ಎಲ್ಲಿ ಅಂದರೆ, "ಸರ್ವರ್ ಡೌನ್ ಐತ್ರಿ, ಸೋಮವಾರ ತಂದುಕೊಡ್ತೇನಿ." ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ? "ಅರ್ಜಿ ಹಾಕೇವ್ರಿ." ಅವತ್ತೇ ಸಂಜೆ ಒಂದು ಲಕ್ಷ ಬ್ಯಾಂಕಿನಿಂದ ಹೋಯಿತು. ಎರಡು ಲಕ್ಷ ನಗದು. ನಗದೇ ಬೇಕು ಅಂತ ಹಟ ಹಿಡಿದದ್ದು ಅವರು.

ಸೋಮವಾರ ಬಂತು, ಹೋಯಿತು, ಉತಾರ ಬರಲಿಲ್ಲ. ಕೊನೆಗೆ ಅದನ್ನು ತರಿಸಿದ್ದು ಸಾಲ ಕೊಡುವ ಬ್ಯಾಂಕಿನ ವಕೀಲರು. ಅದರಲ್ಲಿ ಒಂದಲ್ಲ, ನಾಲ್ಕು ಹೆಸರು. ತಾಯಿ, ಈ ಮಾಲೀಕ, ಇಬ್ಬರು ಅಕ್ಕಂದಿರು. ವಕೀಲರು ಪೆನ್ನಿನಿಂದ ಒಂದೊಂದೇ ಹೆಸರಿಗೆ ಗೀಟು ಎಳೆದು, "ಇವರೆಲ್ಲರ ಸಹಿ ಬೇಕಲ್ಲ, ಎಲ್ಲಿದೆ?" ಅಂದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆ ಕುರ್ಚಿಯಿಂದ ಏಳಲು ನನಗೆ ಶಕ್ತಿಯೇ ಇರಲಿಲ್ಲ.

ಮಾಲೀಕನಿಗೆ ಫೋನ್ ಮಾಡಿದೆ. "ಅಕ್ಕಗೋಳಿಗೆ ಲಗ್ನದಾಗ ಬಂಗಾರ ಹಾಕಿ ಕಳಿಸೇವ್ರಿ, ಅವರ ಪಾಲು ಅಲ್ಲೇ ಮುಗೀತು." ಎಷ್ಟು ಸಲೀಸು ನೋಡಿ! ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಅವರೇ ಗಳಿಸಿದ ಮನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ತಾಯಿಗೂ, ಮಗನಿಗೂ, ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕಂದಿರು ಬಿಟ್ಟುಕೊಡುವುದಿದ್ದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಬಂಗಾರ ಹಾಕಿದ ಮಾತ್ರಕ್ಕೆ ಪಾಲು ಮುಗಿಯಲ್ಲ.

ಬ್ರೋಕರ್ ಇನ್ನೂ ಬುದ್ಧಿವಂತ. "ಪಂಚಮಿಗೆ ತವರಮನಿಗೆ ಬರ್ತಾರಲ್ರಿ, ಆವಾಗ ಸಹಿ ಮಾಡಸೂಣು" ಅಂದ. ನಾವು ದೊಡ್ಡಕ್ಕನ ನಂಬರ್ ಹುಡುಕಿ ಮಾತಾಡಿದೆವು. ಪಾಪ, ಅವರ ತಪ್ಪೇನೂ ಇಲ್ಲ. "ನಾ ಆ ಮನಿ ಹೊಸ್ತಿಲಾ ತುಳಿಯೂದ ಬಿಟ್ಟೇನಿ ತಮ್ಮಾ. ಪಾಲಿಗೆ ಕೋರ್ಟಿನ್ಯಾಗ ಕೇಸ್ ಹಾಕೇನಿ. ನಿಮಗ ಹೇಳಲಿಲ್ಲೇನು?" ಅಂದರು. ಇಸಿಯಲ್ಲಿ ಈ ಕೇಸ್ ಕಾಣಲಿಲ್ಲ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಅಷ್ಟೇ. ಇಸಿ ಕ್ಲೀನ್, ಇಸಿ ಕ್ಲೀನ್ ಅಂತ ಮಾರುವವರು ಹಾಡಿದ್ದೇ ಹಾಡಿದ್ದು.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಆಫೀಸಿನ ಒಬ್ಬರಿಗೆ ಅದೇ ಬ್ರೋಕರ್ ನವನಗರದಲ್ಲಿ ಮನೆ ತೋರಿಸಿದ್ದ. ಅವರು ಹೆಂಡತಿಗೆ ಕಳಿಸಲು ತೆಗೆದ ವಿಡಿಯೋ ನನಗೂ ತೋರಿಸಿದರು. ಹಾಲ್ ಮೂಲೆಯಲ್ಲಿ ಒಬ್ಬ ಬಗ್ಗಿ ಕಿಟಕಿ ಅಳೆಯುತ್ತಿದ್ದ. ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಅದೇ ಹಳದಿ ಟೇಪು. ಅದೇ ಮನುಷ್ಯ. ಬೆಂಗಳೂರು ಪಾರ್ಟಿ! ಬ್ರೋಕರ್‌ಗೆ ಕೇಳಿದರೆ ಏನಂದ ಗೊತ್ತಾ? "ಅವರಿಗೂ ಇನ್ನೂ ಮನಿ ಸಿಕ್ಕಿಲ್ಲಲ್ರಿ ಪಾಪ, ಹುಡಕಾಕತ್ತಾರ." ನಗುತ್ತಾ ಹೇಳಿದ. ನಗುತ್ತಾ!

ದುಡ್ಡು ವಾಪಸ್ ಕೇಳಿದರೆ ಮಾಲೀಕ, "ಹಿಂದ ಸರದವರು ನೀವು, ನಾವಲ್ಲ. ಸಂಚಕಾರ ತಿರುಗಿ ಕೊಡೂ ಪದ್ಧತಿ ಇಲ್ಲ" ಅಂತಾನೆ. ಅದರ ಮೇಲೆ, "ನನಗ ಬಂದದ್ದು ಒಂದ ಲಕ್ಷ" ಅಂತಾನೆ. ಎರಡು ಲಕ್ಷ ನಗದು ಎಣಿಸಿಕೊಂಡ ಕೈಯನ್ನು ನಾವು ಕಣ್ಣಾರೆ ನೋಡಿದ್ದೇವೆ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತಗೊಳ್ಳುವಂತಿಲ್ಲ. ತಗೊಂಡವನಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ಅಷ್ಟೇ ಮೊತ್ತದ ದಂಡ ಇದೆ. ಈ ಮಾತು ಎತ್ತಿದ ಮೇಲೆ ಫೋನ್ ತೆಗೆಯುವುದನ್ನೇ ನಿಲ್ಲಿಸಿದ್ದಾನೆ.

ಮನೆ ನೋಡುತ್ತಿರುವವರಿಗೆ ಹೇಳುವುದು ಇಷ್ಟೇ. ಸಿಟಿ ಸರ್ವೆ ಉತಾರವನ್ನು ನೀವೇ ತೆಗೆಸಿ, ಅವರು ಕೊಡುವ ಜೆರಾಕ್ಸ್ ನಂಬಬೇಡಿ. ಅದರಲ್ಲಿರುವ ಪ್ರತಿಯೊಬ್ಬರ ಜೊತೆ ಮಾತಾಡಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಮಾಲೀಕನ ಹೆಸರು ಹಾಕಿದರೆ ಕೇಸ್ ಸಿಗುತ್ತೆ, ಹುಡುಕಿ. ಇ-ಖಾತಾ ಕೈಗೆ ಬರುವವರೆಗೆ ಸುಮ್ನೆ ಇರಿ, ಅದಿಲ್ಲದೆ ನೋಂದಣಿಯೇ ಆಗಲ್ಲ. ದುಡ್ಡು ಏನಿದ್ದರೂ ಬ್ಯಾಂಕಿನಿಂದಲೇ ಕೊಡಿ. ಇದಕ್ಕೆಲ್ಲ ಟೈಮ್ ಕೊಡದ ಮಾಲೀಕನ ಮನೆ ಬೇಡವೇ ಬೇಡ, ಎಷ್ಟೇ ಚೆಂದ ಇರಲಿ.

ನಾವು ವಕೀಲರ ನೋಟೀಸ್ ಕಳಿಸಿದ್ದೇವೆ. ಹಕ್ಕಿನಲ್ಲಿರುವ ದೋಷವನ್ನು ಮಾರುವವನು ಮುಚ್ಚಿಡುವಂತಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂನಲ್ಲೇ ಇದೆ ಅಂತ ವಕೀಲರು ಹೇಳಿದ್ದಾರೆ. ಉತ್ತರ ಬಂದಿಲ್ಲ. ಈ ನಡುವೆ ಅದೇ ಫೋಟೋ ಹಾಕಿ ಮನೆಯನ್ನು ಮತ್ತೆ ಮಾರಾಟಕ್ಕೆ ಇಟ್ಟಿದ್ದಾರೆ, ರೇಟು ಎರಡು ಲಕ್ಷ ಜಾಸ್ತಿ. ನಿಮಗೂ ಸಪ್ತಾಪುರದಲ್ಲಿ ಇಂಥ ಮನೆ ತೋರಿಸಿದರೆ, ರೇಟ್ ಮಾತಾಡುವ ಮುಂಚೆ ಮಾಲೀಕನ ಅಕ್ಕ-ತಂಗಿಯರ ಫೋನ್ ನಂಬರ್ ಕೇಳಿ.