ದುಬೈ ಸಂಜೆ ಸಫಾರಿ: ಲಹಬಾಬ್ ದಿಬ್ಬಗಳೋ, ಸಂರಕ್ಷಿತ ಮರುಭೂಮಿಯೋ?

ಗಾಡಿಯಲ್ಲಿ ಮರಳದಿಬ್ಬ ಹತ್ತಿಳಿಯುವ ರೋಮಾಂಚನವೇ ಬೇಕಿದ್ದರೆ ಲಹಬಾಬ್‌ಗೆ ಹೋಗಿ. ಕಬ್ಬಿಣದ ಆಕ್ಸೈಡಿನಿಂದ ಅಲ್ಲಿನ ಮರಳು ಕೆಂಪು. ಇಳಿಬಿಸಿಲಲ್ಲಿ ಕೆಂಡದಂತೆ ಕಾಣುತ್ತದೆ. ಮರಳಿಗಿಳಿಯುವ ಮೊದಲು ಚಾಲಕರು ಟೈರಿನ ಗಾಳಿಯನ್ನು ಸುಮಾರು 15 ಪಿಎಸ್‌ಐಗೆ ತಗ್ಗಿಸುತ್ತಾರೆ. ಟೈರು ಚಪ್ಪಟೆಯಾಗಿ ಹರಡಿದಷ್ಟೂ ಹೂತುಕೊಳ್ಳುವುದು ಕಡಿಮೆ. ಮುಂದಿನ ಅರ್ಧ ಗಂಟೆ ಹೊಟ್ಟೆ ತೊಳಸಬಹುದು, ಹಾಗಾಗಿ ಊಟ ಎರಡು ಗಂಟೆ ಮುಂಚೆಯೇ ಮುಗಿದಿರಲಿ, ಅದೂ ಹಗುರವಾಗಿ. ಕೊನೆಯ ಸಾಲಿನಲ್ಲಿ ಕುಲುಕಾಟ ಜಾಸ್ತಿ. ಮುಂದಿನ ಸೀಟು ಕೇಳಿ ಪಡೆಯಿರಿ. ಗರ್ಭಿಣಿಯರು, ಬೆನ್ನು–ಕತ್ತಿನ ನೋವಿರುವವರು ದಯವಿಟ್ಟು ಈ ಸಾಹಸಕ್ಕೆ ಕೈಹಾಕಬೇಡಿ.

ಅಂಥವರಿಗೂ ವಯಸ್ಸಾದವರಿಗೂ ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶವೇ ಸರಿ. ಸುಮಾರು 225 ಚದರ ಕಿ.ಮೀ. ವಿಸ್ತಾರ, ಅನುಮತಿ ಪಡೆದ ಕಂಪನಿಗಳ ವಾಹನಗಳಿಗಷ್ಟೇ ಪ್ರವೇಶ. ಉದ್ದ ಕೊಂಬಿನ ಬಿಳಿ ಅರೇಬಿಯನ್ ಓರಿಕ್ಸ್ ಎಂಬ ಹುಲ್ಲೆ ಘಾಫ್ ಮರದ ನೆರಳಲ್ಲಿ ನಿಂತಿರುವುದನ್ನು ಗಾಡಿ ನಿಲ್ಲಿಸಿ ನೋಡಬಹುದು. ದರ ಹೆಚ್ಚು, ಆದರೆ ಗದ್ದಲ ಕಡಿಮೆ. ನಮ್ಮ ಮತ ಇದಕ್ಕೇ. ಬುಕ್ ಮಾಡುವಾಗ ನೇಚರ್ ಸಫಾರಿ ಎಂದೇ ಸ್ಪಷ್ಟವಾಗಿ ಹೇಳಿ.

ಮರಳಲ್ಲಿ ಓಡಿಸುವ ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕ. ಡಿಸೆಂಬರ್–ಫೆಬ್ರವರಿಯಲ್ಲಿ ಹೊತ್ತು ಮುಳುಗಿದೊಡನೆ ಚಳಿ. ಎಲ್ಲಿಗೆ ಹೋದರೂ ಸ್ವೆಟರ್ ಇರಲಿ.