ಐದು ನಿಮಿಷದ ಬಾನೆಟ್ ಲಾಕ್ ಕೆಲಸಕ್ಕೆ 18,400 ರೂಪಾಯಿ: ಹಳೆಯ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಕಾರು ಇಟ್ಟುಕೊಂಡವರು ಯಾರೇ ಇರಲಿ, ಇದನ್ನು ಓದದೆ ನಿಮ್ಮ ಗಾಡಿಯ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಗ್ಯಾರೇಜಿನ ಹೆಸರನ್ನು ನಾನು ಬರೆಯುತ್ತಿಲ್ಲ, ಏಕೆಂದರೆ ವಿಷಯವನ್ನು ಗ್ರಾಹಕರ ಆಯೋಗದ ಮುಂದೆ ಒಯ್ಯುವವನಿದ್ದೇನೆ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಬರೆಯಲು ನಾಚಿಕೆಯಾಗುತ್ತಿದೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುವ ನಾನು ಹೀಗೆ ಮೋಸಹೋದೆನಲ್ಲ ಎಂದು ಮೂರು ದಿನ ಮನೆಯವರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕಾರು 1966ರ ಎಂಜಿಬಿ. ಎರಡೇ ಸೀಟಿನ, ಬಟ್ಟೆಯ ಮೇಲ್ಛಾವಣಿಯ, 1798 ಸಿಸಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ ಅದು. ನನ್ನ ತಂದೆಯವರು 1987ರಲ್ಲಿ ಬೆಳಗಾವಿಯ ಒಂದು ಮನೆತನದವರಿಂದ ಕೊಂಡರು. ತೀರಿಕೊಳ್ಳುವ ವರ್ಷದವರೆಗೂ ಅದರ ಎಣ್ಣೆಯನ್ನು ತಾವೇ ಬದಲಿಸುತ್ತಿದ್ದರು. ನನಗೆ ಓಡಿಸಲು ಬರುತ್ತದೆ, ಒರೆಸಲು ಬರುತ್ತದೆ, ಅದಕ್ಕಿಂತ ಹೆಚ್ಚಿಗೆ ಬರುವುದಿಲ್ಲ. ನಾನು ಮೋಸಹೋದದ್ದೂ ಅದಕ್ಕಾಗಿಯೇ.

ಈ ವರ್ಷದ ಬೇಸಿಗೆಯಿಂದ ಬಾನೆಟ್ ತೆರೆಯುವುದು ಬಿಗಿಯಾಗುತ್ತಾ ಬಂತು. ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಯನ್ನು ಎರಡು ಸಲ ಜಗ್ಗಿದರೆ ತೆರೆಯುತ್ತಿದ್ದುದು ಐದು ಸಲ ಜಗ್ಗಿದರೂ ತೆರೆಯದಂತಾಯಿತು. ಕೊನೆಗೊಂದು ದಿನ ಪೂರ್ತಿ ನಿಂತುಹೋಯಿತು. ಕೇಬಲ್ ಹರಿದಿರಲಿಲ್ಲ, ಹಿಡಿ ಬಿಗಿಯಾಗಿಯೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ: ನಾನು ಗಾಡಿಯನ್ನು ಬಿಟ್ಟು ಬಂದಾಗ ಕೇಬಲ್ ಹರಿದಿರಲಿಲ್ಲ.

ಪರಿಚಯದವರೊಬ್ಬರು ಹುಬ್ಬಳ್ಳಿಯ ಆ ಗ್ಯಾರೇಜನ್ನು ತೋರಿಸಿದರು. ಹಳೆಯ ಫಿಯಟ್, ಹಳೆಯ ಜೀಪು ಅಲ್ಲಿ ನಿಂತಿದ್ದನ್ನು ನೋಡಿ ನನಗೂ ಧೈರ್ಯ ಬಂತು. ಮಾಲೀಕರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಡಿಯನ್ನು ಒಮ್ಮೆ ಜಗ್ಗಿ ನೋಡಿ, "ಏನೂ ಇಲ್ರೀ ಸರ, ಅರ್ಧಾ ತಾಸಿನ ಕೆಲಸ ಐತಿ. ಹೆಚ್ಚಂದ್ರ ಹದಿನೈದು ನೂರು ಆಗತೈತಿ, ಬಿಟ್ಟು ಹೋಗ್ರಿ" ಎಂದರು. ಬರವಣಿಗೆಯಲ್ಲಿ ಏನನ್ನೂ ಕೇಳಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಚೀಟಿ ಕೇಳುವುದು ಅವಮಾನ ಮಾಡಿದಂತಾದೀತು ಎಂದುಕೊಂಡೆ. ಅದು ಶನಿವಾರ.

ಭಾನುವಾರ ಸಂಜೆ ಫೋನ್ ಬಂತು. "ಲಾಕ್ ಪೂರಾ ಜಾಮ್ ಆಗೇತ್ರಿ ಸರ, ಒಳಗ ತುಕ್ಕ ಹಿಡದೈತಿ. ಸ್ವಲ್ಪ ಜೋರ ಮಾಡಬೇಕಾಗತೈತಿ." ನಾನು ಸ್ಪಷ್ಟವಾಗಿ, ಎರಡು ಸಲ, "ನಾ ಬರೂ ತನಕಾ ಮುಟ್ಟಬ್ಯಾಡ್ರಿ" ಎಂದು ಹೇಳಿದೆ. ಅವರು "ಆತ್ರಿ" ಎಂದರು. ಸೋಮವಾರ ಶಾಲೆಯಿತ್ತು. ಮಂಗಳವಾರ ಅವರದ್ದೇ ಫೋನ್: "ಬಾನೆಟ್ ತಗದೇವ್ರಿ ಸರ. ಆದ್ರ ಲಾಕ್ ಹೋಗೇತಿ, ಕೇಬಲ್ಲೂ ಹೋಗೇತಿ. ಮುಂಬೈದಾಗ ನಮ್ಮ ಪಾರ್ಟಿ ಅದಾನ, ಫಾರಿನ್ ಮಾಲ್ ತರಸ್ತೀನಿ. ಐದು ಸಾವಿರ ಹಾಕ್ರಿ." ಮುಟ್ಟಬೇಡಿ ಎಂದು ಹೇಳಿದ್ದೆನಲ್ಲ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಾನೆಟ್ ತೆರೆಯಿತಲ್ಲ ಎಂಬ ಸಮಾಧಾನದಲ್ಲಿ ನಿಂತ ಕಾಲ ಮೇಲೆ ಯುಪಿಐನಿಂದ ಐದು ಸಾವಿರ ಕಳಿಸಿದೆ. ಕಳಿಸಿ, ಅವರಿಗೆ ಧನ್ಯವಾದವನ್ನೂ ಹೇಳಿದೆ. ಆ ಧನ್ಯವಾದ ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ಮುಂದಿನ ಶನಿವಾರ ಗಾಡಿ ತರಲು ಹೋದಾಗ ಕತ್ತಲಾಗಿತ್ತು, ಶೆಡ್ಡಿನಲ್ಲಿ ಒಂದೇ ಟ್ಯೂಬ್‌ಲೈಟ್ ಇತ್ತು. ಬಾನೆಟ್ ಮೇಲೆ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಲಾಕ್ ಕೆಲಸಕ್ಕೆ ಬಣ್ಣವೇಕೆ ಎಂದು ಕೇಳಿದರೆ, "ತಗೀವಾಗ ಸಣ್ಣಂಗ ಗೀಚ್ ಆಗಿತ್ರಿ, ನಿಮಗ ಚಂದ ಕಾಣಲಿ ಅಂತ ಪೂರಾ ಹೊಡಿಸೇನಿ" ಎಂದರು. ಕೈಗೆ ಒಂದು ಬಿಳಿ ಚೀಟಿ ಬಂತು. ಫಾರಿನ್ ಲಾಕ್ 6,500, ಕೇಬಲ್ 1,400, ಟಿಂಕರಿಂಗ್ 4,500, ಪೇಂಟ್ 3,000, ಮಜೂರಿ 3,000. ಒಟ್ಟು 18,400. ಅದರ ಮೇಲೆ ಗ್ಯಾರೇಜಿನ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸಹಿಯಿಲ್ಲ. ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಅವರ ಮುಂದೆ ಹಣದ ಮಾತಾಡಲು ಸಂಕೋಚವಾಗಿ ಉಳಿದ 13,400 ರೂಪಾಯಿಯನ್ನೂ ಕೊಟ್ಟು ಹೊರಟೆ.

ಉಣಕಲ್ ಕೆರೆ ದಾಟುವವರೆಗೆ ಎಲ್ಲ ಸರಿಯಿತ್ತು. ಭೈರಿದೇವರಕೊಪ್ಪದ ಹತ್ತಿರ ಪಕ್ಕದಲ್ಲಿ ಚಿಗರಿ ಬಸ್ ಜೋರಾಗಿ ಹಾದುಹೋದಾಗ ಬಾನೆಟ್ಟಿನ ಮುಂಭಾಗ ನನ್ನ ಕಣ್ಣೆದುರೇ ಎರಡು ಬೆರಳಿನಷ್ಟು ಮೇಲೆದ್ದು ನಡುಗತೊಡಗಿತು. ಎಂಜಿಬಿಯ ಬಾನೆಟ್ಟಿಗೆ ಕೀಲುಗಳಿರುವುದು ಗಾಜಿನ ಕಡೆಗೆ, ಲಾಕ್ ಇರುವುದು ಮೂತಿಯ ಕಡೆಗೆ. ಲಾಕ್ ಬಿಟ್ಟರೆ ಗಾಳಿ ಕೆಳಗೆ ಹೊಕ್ಕು ಇಡೀ ಬಾನೆಟ್ಟನ್ನು ಎತ್ತಿ ಗಾಜಿಗೆ ಬಡಿಯುತ್ತದೆ. ಹಾಗಾಗದಿರಲೆಂದೇ ಕಂಪನಿಯವರು ಬೆರಳಿನಿಂದ ಎತ್ತುವ ಒಂದು ಸೇಫ್ಟಿ ಹುಕ್ ಇಟ್ಟಿರುತ್ತಾರೆ. ಇಳಿದು ಮೊಬೈಲ್ ಬೆಳಕಿನಲ್ಲಿ ನೋಡಿದೆ. ಆ ಹುಕ್ ಇರಲಿಲ್ಲ. ಇದ್ದ ಜಾಗದಲ್ಲಿ ಗ್ರೈಂಡರಿನಿಂದ ಕೊಯ್ದ ಹೊಳೆಯುವ ಗುರುತಿತ್ತು. ಪಕ್ಕದಲ್ಲಿ ನನ್ನ ಎಂಟು ವರ್ಷದ ಮಗಳು ಕೂತಿದ್ದಳು. ರಸ್ತೆ ಬದಿಯ ಅಂಗಡಿಯಿಂದ ನೂಲಿನ ಹಗ್ಗ ತಂದು, ಬಾನೆಟ್ಟನ್ನು ಬಂಪರಿಗೆ ಬಿಗಿದು, ನವನಗರ, ರಾಯಾಪುರ, ಸತ್ತೂರು ದಾಟಿ ಇಪ್ಪತ್ತರ ವೇಗದಲ್ಲಿ ಧಾರವಾಡ ಮುಟ್ಟಿದೆ.

ಮರುದಿನ ಬೆಳಗಿನ ಬಿಸಿಲಿನಲ್ಲಿ ನೋಡಿದೆನಲ್ಲ, ಆ ಗಳಿಗೆಯನ್ನು ನಾನು ಮರೆಯಲಾರೆ. ಆ "ಫಾರಿನ್ ಲಾಕ್" ಮೇಲೆ ದಪ್ಪಗೆ ಗ್ರೀಸ್ ಬಳಿದಿದ್ದರು. ಕರವಸ್ತ್ರದಿಂದ ಒರೆಸಿದೆ. ಗ್ರೀಸಿನ ಕೆಳಗೆ ಸ್ಪ್ರೇ ಹೊಡೆದ ಕಪ್ಪು ಬಣ್ಣ. ಉಗುರಿನಿಂದ ಕೆರೆದರೆ ಕಪ್ಪು ಬಣ್ಣದ ಕೆಳಗೆ ಬಿಳಿ ಬಣ್ಣ, ಯಾವುದೋ ಹಳೆಯ ವ್ಯಾನಿನದು. ಲಾಕನ್ನು ಬಿಚ್ಚಿ ಹಿಂದೆ ತಿರುಗಿಸಿದೆ. ಅಲ್ಲಿ ಸ್ಪ್ರೇ ಮುಟ್ಟಿರಲಿಲ್ಲ. ಗುಜರಿ ಅಂಗಡಿಯವರು ಹಳದಿ ಪೇಂಟಿನಿಂದ ಬರೆಯುತ್ತಾರಲ್ಲ, ಹಾಗೆ ಓರೆಯಾಗಿ ಬರೆದಿತ್ತು: 150. ನೂರೈವತ್ತು ರೂಪಾಯಿ. ನಾನು ಕೊಟ್ಟದ್ದು ಆರೂವರೆ ಸಾವಿರ. ಅದನ್ನು ಕೂರಿಸಲು ಬಾನೆಟ್ಟಿನ ಕೆಳಗಿನ ಅಡ್ಡ ಪಟ್ಟಿಗೆ ಮೂರು ಹೊಸ ತೂತು ಕೊರೆದಿದ್ದರು. ಒಂದು ತೂತು ತಪ್ಪಾಗಿ ಬಿದ್ದದ್ದರಿಂದ ಅದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಕೊರೆದಿದ್ದರು.

ಬಾನೆಟ್ಟಿನ ಕಥೆ ಇನ್ನೂ ಕೆಟ್ಟದ್ದು. ಆ ಕಾಲದ ಎಂಜಿಬಿಯ ಬಾನೆಟ್ ಕಬ್ಬಿಣದ ತಗಡಲ್ಲ, ಅಲ್ಯೂಮಿನಿಯಂ. ಮೂತಿಯ ಸಂದಿಯಲ್ಲಿ ಟೈರ್ ಲಿವರ್ ತೂರಿಸಿ ಮೀಟಿದ್ದಾರೆ. ಮೆತ್ತನೆಯ ಲೋಹ ಮಡಿಚಿಕೊಂಡಿದೆ. ಮಡಿಚಿದ್ದನ್ನು ಸುತ್ತಿಗೆಯಿಂದ ಬಡಿದು, ಮೇಲೆ ಪುಟ್ಟಿ ತುಂಬಿ, ಬಣ್ಣ ಹೊಡೆದಿದ್ದಾರೆ. ಪುಟ್ಟಿ ಇದೆಯೇ ಎಂದು ನೋಡಲು ಎಲ್ಲರೂ ಅಯಸ್ಕಾಂತ ಹಿಡಿಯುತ್ತಾರೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಮೊದಲೇ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಎಡಗಡೆ ತಟ್ಟಿದರೆ ತಟ್ಟೆಯಂತೆ ಸದ್ದು ಬಂತು, ನಡುವೆ ತಟ್ಟಿದರೆ ಗೋಡೆಯಂತೆ ಮೊಂಡು ಸದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ರೋಗವಿದ್ದದ್ದು ಲಾಕಿನಲ್ಲಿ, ಬರೆ ಬಿದ್ದದ್ದು ಬಾನೆಟ್ಟಿಗೆ.

ಸೋಮವಾರ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಲಾಕನ್ನು ಅವರ ಮೇಜಿನ ಮೇಲೆ ಇಟ್ಟು, ಹಳದಿ ಅಂಕಿಯನ್ನು ತೋರಿಸಿದೆ. ಒಂದು ಕ್ಷಣವೂ ಅಳುಕದೆ, "ಅದು ಪಾರ್ಟ್ ನಂಬರ್ ರೀ" ಎಂದರು. ಪೇಂಟಿನಿಂದ ಕೈಯಲ್ಲಿ ಬರೆದ ಪಾರ್ಟ್ ನಂಬರ್! ಕೆಳಗಿನ ಬಿಳಿ ಬಣ್ಣ ತೋರಿಸಿದೆ. "ಮುಂಬೈದಾಂವ ಹಂಗ ಕೊಟ್ಟಾನ್ರೀ, ನಾ ಏನ್ ಮಾಡ್ಲಿ?" ಮುಂಬಯಿಯವನ ಬಿಲ್ ಕೊಡಿ ಎಂದೆ. "ಅಂವ ಬಿಲ್ ಕೊಡಂಗಿಲ್ರೀ." ಮುಟ್ಟಬೇಡಿ ಎಂದಿದ್ದೆನಲ್ಲ ಎಂದು ಕೇಳಿದರೆ, "ನೀವ ಹೇಳೀರಲ್ರೀ, ಹೆಂಗರ ಮಾಡಿ ತಗೀರಿ ಅಂತ" ಎಂದರು. ನಾನು ಆ ಮಾತು ಹೇಳಿಲ್ಲ. ದೇವರಾಣೆಗೂ ಹೇಳಿಲ್ಲ. ಸೇಫ್ಟಿ ಹುಕ್ ಎಲ್ಲಿ ಎಂದೆ. "ಅಡ್ಡ ಬರತಿತ್ರೀ, ಕೊಯ್ದೇವಿ." ನನ್ನ ಮಗಳು ಗಾಡಿಯಲ್ಲಿದ್ದಳು ಎಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಮಾಸ್ತರ್ರ, ಹಳೇ ಗಾಡಿ ಅಂದಮ್ಯಾಲೆ ಇವೆಲ್ಲಾ ಇರೂವೇರಿ. ಲಾಕ್ ಅಂದ್ರ ಲಾಕ್. ಬಾಗ್ಲಾ ಹಾಕಿದ್ರ ಆತಲ್ರೀ."

ಹಣ ಕೊಡುವವರೆಗೆ ನಾನು "ಸರ" ಆಗಿದ್ದೆ, ಅಂದು "ಮಾಸ್ತರ್ರ" ಆದೆ. ಮಾಸ್ತರ ಎನಿಸಿಕೊಳ್ಳಲು ನನಗೆ ಬೇಸರವಿಲ್ಲ. ಅವರು ಅದನ್ನು ಅಂದ ಧಾಟಿಗೆ ಅಲ್ಲಿದ್ದ ಹುಡುಗರು ಮುಖ ತಿರುಗಿಸಿ ನಕ್ಕದ್ದನ್ನು ನಾನು ನೋಡಿದೆ. ಹಳೆಯ ಲಾಕನ್ನಾದರೂ ಕೊಡಿ ಎಂದು ಕೇಳಿದೆ. "ಗುಜರಿಗೆ ಹೋತ್ರೀ ಅದು. ತುಕ್ಕ ಹಿಡದ ಸಾಮಾನ ಇಟಗೊಂಡ ಏನ್ ಮಾಡೋದ್ರೀ?" ಅಂದಿನಿಂದ ನನ್ನ ಫೋನ್ ಎತ್ತುತ್ತಿಲ್ಲ. ಕಳಿಸಿದ ಫೋಟೋಗಳಿಗೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ.

ಈಗ ಆ ಐದು ನಿಮಿಷದ ವಿಷಯ. ಧಾರವಾಡದಲ್ಲಿ ನಮ್ಮ ತಂದೆಯವರ ಕಾಲದ ಮಿಸ್ತ್ರಿ ಒಬ್ಬರಿದ್ದಾರೆ. ಕೆಲಸ ಬಿಟ್ಟು ಬಹಳ ವರ್ಷವಾಯಿತು. ಅವರನ್ನು ಮೊದಲೇ ಕೇಳಬೇಕಿತ್ತು. ಗಾಡಿ ನೋಡಿ ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ತಮ್ಮಾ, ಇದು ಇಬ್ಬರ ಕೆಲಸ. ಒಬ್ಬಂವ ಬಾನೆಟ್ ಮೂತಿ ಮ್ಯಾಲ ಎರಡೂ ಅಂಗೈ ಇಟ್ಟು ಕೆಳಗ ಒತ್ತಬೇಕು, ಇನ್ನೊಬ್ಬಂವ ಒಳಗ ಕೂತು ಹಿಡಿ ಜಗ್ಗಬೇಕು. ಅಷ್ಟ." ಕಾರಣವನ್ನೂ ಹೇಳಿದರು. ಬಾನೆಟ್ಟಿನ ಕೆಳಗೆ ಸ್ಪ್ರಿಂಗ್ ಸುತ್ತಿದ ಒಂದು ಪಿನ್ ಇರುತ್ತದೆ, ಅದು ಲಾಕಿನೊಳಗೆ ಇಳಿದಾಗ ಜಾರುವ ಒಂದು ತಗಡು ಅದರ ಕುತ್ತಿಗೆಯನ್ನು ಹಿಡಿದುಕೊಳ್ಳುತ್ತದೆ. ಹಳೆಯ ಗ್ರೀಸ್ ಧೂಳು ಕುಡಿದು ಗಟ್ಟಿಯಾದರೆ, ಸ್ಪ್ರಿಂಗ್ ಮೇಲಕ್ಕೆ ತಳ್ಳುವ ಒತ್ತಡದಲ್ಲಿ ಆ ತಗಡು ಜಾರುವುದಿಲ್ಲ. ಮೇಲಿನಿಂದ ಒತ್ತಿದರೆ ಪಿನ್ನಿನ ಬಿಗಿ ಸಡಿಲಾಗಿ ತಗಡು ಬಿಟ್ಟುಕೊಡುತ್ತದೆ. ತೆರೆದ ಮೇಲೆ ಲಾಕನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸ್ ಸವರಿ, ಪಿನ್ನಿನ ನಟ್ ಸಡಿಲಿಸಿ ತುದಿಯ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಅರ್ಧ ಸುತ್ತು ತಿರುಗಿಸಿ ಎತ್ತರ ಹೊಂದಿಸಿದರೆ ಮುಗಿಯಿತು. ಕೇಬಲ್ ಹರಿದಿದ್ದರೂ ಹಿಡಿಯ ಬಳಿ ಉಳಿದ ತಂತಿಯನ್ನು ಪಕ್ಕಡಿನಿಂದ ಹಿಡಿದು ಜಗ್ಗಬಹುದು. ಅದೂ ಆಗದಿದ್ದರೆ ಕೆಳಗಿನಿಂದ, ರೇಡಿಯೇಟರಿನ ಮುಂದಿನ ಸಂದಿಯಿಂದ, ಉದ್ದ ಸ್ಕ್ರೂಡ್ರೈವರಿನಲ್ಲಿ ಲಾಕ್ ತಳ್ಳಬಹುದು. ಮೀಟುವುದು ಯಾವ ಹಂತದಲ್ಲೂ ಇಲ್ಲ. ಈ ಗಾಡಿಯ ಲಾಕ್, ಕೇಬಲ್ ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ. ತರಿಸುವ ಮನಸ್ಸಿದ್ದವರಿಗೆ ದಾರಿಯಿತ್ತು.

ನಿಮಗೆ ಹೇಳುವುದಿಷ್ಟು. ಕೆಲಸ ಎಷ್ಟೇ ಸಣ್ಣದಿರಲಿ, ಏನು ಮಾಡುತ್ತಾರೆ, ಎಷ್ಟು ಹಣ ಎಂಬುದನ್ನು ಬರೆಸಿಕೊಳ್ಳಿ. ಕೊಡಲು ಒಪ್ಪದವರಲ್ಲಿ ಗಾಡಿ ಬಿಡಬೇಡಿ. ತೆಗೆದ ಹಳೆಯ ಸಾಮಾನು ನಿಮ್ಮದು, ಅದನ್ನು ಕೈಯಲ್ಲಿ ಹಿಡಿದ ಮೇಲೆಯೇ ಹಣ ಕೊಡಿ. ಕತ್ತಲಲ್ಲಿ ಗಾಡಿ ತರಬೇಡಿ. ಇಷ್ಟೆಲ್ಲ ಆದ ಮೇಲೂ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಬಹುದು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವಿಲ್ಲ. ನನ್ನ ಬಳಿ ಯುಪಿಐ ದಾಖಲೆ, ಫೋಟೋಗಳು, ಹೆಸರಿಲ್ಲದ ಆ ಚೀಟಿ ಮತ್ತು ಹಳದಿ ಅಂಕಿಯ ಲಾಕ್ ಇವೆ. ಅವನ್ನೇ ಒಯ್ಯುತ್ತೇನೆ.

50 ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಕೊಡುತ್ತಾರೆ, ಅದಕ್ಕೆ ಅರ್ಜಿ ಹಾಕುವ ಆಸೆ ನನಗಿತ್ತು. ಒಂದು ಲಾಕಿನಿಂದ ಆ ಅರ್ಹತೆ ಹೋಗಲಿಕ್ಕಿಲ್ಲ. ಆದರೆ ಅರ್ಧ ಶತಮಾನ ಯಾರೂ ತೂತು ಕೊರೆಯದ ಗಾಡಿಗೆ ನನ್ನ ಕಾಲದಲ್ಲಿ ನಾಲ್ಕು ತೂತು ಬಿದ್ದವು.

ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಓಡಾಡುವವರಿದ್ದರೆ ಒಂದು ವಿನಂತಿ. ನಮ್ಮ ಹಳೆಯ ಲಾಕ್ ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣದ ಉಕ್ಕಿನದು. ಅದರ ಸ್ಪ್ರಿಂಗಿನ ಒಂದು ಕೊಂಡಿ ಮುರಿದಾಗ ನಮ್ಮ ತಂದೆಯವರು ತಾಮ್ರದ ತಂತಿಯನ್ನು ಮೂರು ಸುತ್ತು ಸುತ್ತಿ, ತುದಿಯನ್ನು ಕೈಗೆ ಚುಚ್ಚದಂತೆ ಒಳಗೆ ಮಡಿಚಿದ್ದರು. ತಂತಿಯನ್ನು ನೋಡಿದರೆ ಗುರುತು ಸಿಗುತ್ತದೆ. ಕಣ್ಣಿಗೆ ಬಿದ್ದರೆ ದಯವಿಟ್ಟು ಕೊಂಡು ತೆಗೆದಿಟ್ಟು ನನಗೆ ತಿಳಿಸಿ, ಎಷ್ಟು ಹೇಳಿದರೂ ಅಷ್ಟು ಕೊಟ್ಟು ಒಯ್ಯುತ್ತೇನೆ.