ಗಟ್ಟಿ ಕಯಾಕೋ, ಮಡಚುವ ಕಯಾಕೋ: ಪಾಲೋಲೆಂನಲ್ಲಿ ಪರೀಕ್ಷೆ, ಸ್ವಾಲ್‌ಬಾರ್ಡ್‌ಗೆ ಲೆಕ್ಕ

ಗೋವಾದ ಪಾಲೋಲೆಂ ಕಡಲತೀರದಲ್ಲಿ ಬಾಡಿಗೆಗೆ ಸಿಗುವ, ಮೇಲೆ ಕೂರುವ ಬಣ್ಣಬಣ್ಣದ ಕಯಾಕ್‌ಗಳನ್ನು (ಹುಟ್ಟು ಹಾಕಿ ಸಾಗುವ ಕಿರಿದಾದ ದೋಣಿಗಳನ್ನು) ಈ ಲೆಕ್ಕಕ್ಕೆ ಹಿಡಿಯುವುದೇ ಬೇಡ. ಬಟರ್‌ಫ್ಲೈ ಬೀಚಿಗೆ ಹೋಗಿಬರಲು ಅವು ಸಾಕು. 28 ಡಿಗ್ರಿ ನೀರಲ್ಲಿ ಮೈ ಒದ್ದೆಯಾದರೆ ಏನಾಯ್ತು? ಉತ್ತರ ಧ್ರುವದತ್ತ ಇರುವ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡ್‌ನ ಫ್ಯೋರ್ಡ್‌ಗಳಲ್ಲಿ (ಕಡಿದಾದ ದಂಡೆಗಳ ನಡುವೆ ಒಳಚಾಚಿದ ಕಡಲಲ್ಲಿ) ಬೇಸಿಗೆಯಲ್ಲೂ ನೀರು ಕೊರೆಯುತ್ತದೆ. ಅಲ್ಲಿಗೆ ಹೊರಟವರ ಮುಂದಿರುವುದು ಎರಡು: 5 ಮೀಟರ್ ಆಸುಪಾಸಿನ ಗಟ್ಟಿ ಸೀ ಕಯಾಕ್, ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟಿಗೆ ಹೊದಿಕೆ ಬಿಗಿಯುವ ಮಡಚುವ ಕಯಾಕ್. ಎರಡನ್ನೂ ಸಾಮಾನು ತುಂಬಿ, ಖಾಲಿ ಬಿಟ್ಟು, ಬೇಕೆಂದೇ ಮಗುಚಿ ನೋಡಿದ್ದೇವೆ.

ಸಾಗಣೆಯಲ್ಲಿ ಮಡಚುವುದೇ ಮುಂದು. ಕಾರವಾರದಲ್ಲಿ ರೈಲು ಹತ್ತಿಸಿ ಪಾಲೋಲೆಂ ಹತ್ತಿರದ ಕಾಣಕೋಣದಲ್ಲಿ ಇಳಿಸಬಹುದು, ಹೆಚ್ಚುವರಿ ಸಾಮಾನಿನ ಶುಲ್ಕ ಕಟ್ಟಿದರೆ ವಿಮಾನಕ್ಕೂ ಏರುತ್ತದೆ. ಜೋಡಿಸಲು ಕೈ ಪಳಗಿದವರಿಗೂ ಅರ್ಧ ಗಂಟೆ ಬೇಕು. ಮರಳಿನ ಮೇಲೆ ಮಾತ್ರ ಜೋಡಿಸಬೇಡಿ, ತಾಡಪಾಲು ಹಾಸಿ. ಉಪ್ಪುನೀರೂ ಮರಳೂ ಸೇರಿದರೆ ಕೊಳವೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲು ಬಾರವು. ಪ್ರತಿ ಸಲ ಸಿಹಿನೀರಲ್ಲಿ ತೊಳೆದೇ ಮಡಚಬೇಕು.

ಮಗುಚಿದಾಗಲೇ ನಿಜ ಬಯಲಾಗುವುದು. ಗಟ್ಟಿಯದರಲ್ಲಿ ಹಿಂದೆ ಮುಂದೆ ಅಡ್ಡಗೋಡೆಗಳಿವೆ, ನೀರು ತುಂಬುವುದು ಕೂರುವ ಗುಂಡಿಗಷ್ಟೇ. ಮಡಚುವುದಕ್ಕೆ ಗೋಡೆಯಿಲ್ಲ, ಎರಡು ತುದಿಯಲ್ಲೂ ಗಾಳಿಚೀಲ ಊದಿಡದಿದ್ದರೆ ಇಡೀ ದೋಣಿ ತೊಟ್ಟಿಯಾಗುತ್ತದೆ. ಪಾಲೋಲೆಂನಲ್ಲಿ ಕಾಲು ಗಂಟೆ ಪಂಪು ಹೊಡೆದರೆ ವ್ಯಾಯಾಮ. ಹಿಮನೀರಲ್ಲಿ ಬೆರಳು ಮಾತು ಕೇಳುವುದು ಹೆಚ್ಚೆಂದರೆ 10 ನಿಮಿಷ, ಆ ಹೊತ್ತಿಗೆ ನೀವು ಮರಳಿ ಒಳಗಿರಬೇಕು. ಹೊದಿಕೆ ಹರಿದರೂ ಅದೇ ಪೇಚು: ತೇಪೆಯ ಅಂಟು ಚಳಿಯಲ್ಲಿ ಬಿಗಿಯುವುದೇ ತಡ, ಒದ್ದೆಯಿದ್ದರೆ ಹಿಡಿಯುವುದೂ ಇಲ್ಲ.

ಗಟ್ಟಿಯದು ಕೈಕೊಡುವುದು ಸ್ಕೆಗ್‌ನಲ್ಲಿ. ದೋಣಿಯ ಹಿಂಬದಿ ತಳದಲ್ಲಿ ಇಳಿಯುವ ಆ ಸಣ್ಣ ರೆಕ್ಕೆಯ ಸಂದಿಗೆ ಬೆಣಚುಕಲ್ಲು ಸಿಕ್ಕಿಕೊಂಡರೆ ಅದು ಇಳಿಯದು, ಆಗ ಪಕ್ಕದಿಂದ ಗಾಳಿ ಬೀಸುವಾಗ ದೋಣಿ ಗಾಳಿಯತ್ತಲೇ ಮೂತಿ ತಿರುಗಿಸುತ್ತದೆ. ರೆಕ್ಕೆಯ ತುದಿಗೊಂದು ತೂತು ಕೊರೆದು ದಾರ ಕಟ್ಟಿಡಿ. ಜೊತೆಯವರು ಎಳೆದು ಬಿಡಿಸಬಹುದು. ಇನ್ನೊಂದು: ಬೆಚ್ಚಗಿನ ದಡದಿಂದ ತಣ್ಣೀರಿಗಿಳಿದಾಗ ಒಳಗಾಳಿ ಕುಗ್ಗಿ, ಸಾಮಾನಿಡುವ ಖಾನೆಯ ಮುಚ್ಚಳವನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ತೆಗೆಯಲು ಒದ್ದಾಟ. ಅಡ್ಡಗೋಡೆಯಲ್ಲಿ ಸೂಜಿಗಾತ್ರದ ತೂತಿದ್ದರೆ ಈ ಗೋಳಿಲ್ಲ.

ಪ್ಲಾಸ್ಟಿಕ್ಕೋ ಫೈಬರ್‌ಗ್ಲಾಸೋ? ಕಲ್ಲುದಡಕ್ಕೆ ಪ್ಲಾಸ್ಟಿಕ್, ವೇಗಕ್ಕೆ ಫೈಬರ್. ಗೋವಾದ ಬಿಸಿಲಲ್ಲಿ ಪ್ಲಾಸ್ಟಿಕ್ಕನ್ನು ಕಾರಿನ ಮೇಲೆ ಬಿಗಿದು ಕಟ್ಟಿದರೆ ತಳ ತಗ್ಗುತ್ತದೆ, ಅಷ್ಟೇ ಎಚ್ಚರ.

ಹೋದಲ್ಲೇ ಬಾಡಿಗೆಗೆ ಗಟ್ಟಿಯದು ಸಿಕ್ಕರೆ ಅದನ್ನೇ ಹಿಡಿಯಿರಿ. ದೋಣಿಯೇ ಸಿಗದ, ಸಣ್ಣ ವಿಮಾನವಷ್ಟೇ ಇಳಿಯುವ ಊರಾದರೆ ಮಡಚುವುದು, ಆದರೆ ಗಾಳಿಚೀಲ ಮೊದಲು ಪ್ಯಾಕ್ ಆಗಲಿ.